ಎಳ್ಳಿನಿಂದ ಬೆಲ್ಲಕ್ಕೆ ಎರಡು ಹೆಜ್ಜೆ

ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಕೇಳಿದ್ದಾರೆ: ‘ದಸರಾ ರಜೆಗೆ ಮುಂಚೆ, ಸಂಕ್ರಾಂತಿಯ ಆಸುಪಾಸಿನಲ್ಲಿ ಮಕ್ಕಳಿಗೆ ಹಬ್ಬದ ಚಿತ್ರಗಳಿರುವ ಒಗಟಿನ ಹಾಳೆ ಕೊಡುತ್ತೇವೆ. ಪದ ಹುಡುಕುವುದು, ಲೆಕ್ಕ ಮಾಡಿ ಬಣ್ಣ ತುಂಬುವುದು, ಹೀಗೆ. ಮಕ್ಕಳು ಖುಷಿಯಿಂದ ಮಾಡುತ್ತಾರೆ. ಆದರೆ ಇದರಿಂದ ಮಗ್ಗಿ, ಓದು ನಿಜಕ್ಕೂ ಗಟ್ಟಿಯಾಗುತ್ತದೆಯೇ?’

ಹಾಳೆಯ ಅಂಚಿನಲ್ಲಿರುವ ಆನೆ, ಅಂಬಾರಿ, ಹಣತೆಗಳಿಂದ ಏನೂ ಗಟ್ಟಿಯಾಗುವುದಿಲ್ಲ. ಮಗು ಉತ್ತರವನ್ನು ಎಲ್ಲಿಂದ ತರುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ತನ್ನ ನೆನಪಿನೊಳಗಿಂದ ಎಳೆದು ತಂದರೆ ಹಾಳೆ ಕೆಲಸ ಮಾಡಿದೆ. ಹಾಳೆಯ ಮೇಲೆಯೇ ಉತ್ತರ ಸಿಕ್ಕಿಬಿಟ್ಟರೆ ಮಾಡಿಲ್ಲ.

ಇದು ಹೊಸ ಸಂಗತಿಯೇನಲ್ಲ. 1917ರಲ್ಲಿ ಅಮೆರಿಕದ ಆರ್ಥರ್ ಗೇಟ್ಸ್ ಶಾಲಾಮಕ್ಕಳ ಮೇಲೆ ಪ್ರಯೋಗ ಮಾಡಿ, ಓದಿಗೆ ಸಿಕ್ಕ ಹೊತ್ತಿನಲ್ಲಿ ದೊಡ್ಡ ಪಾಲನ್ನು ಪುಸ್ತಕದಿಂದ ಕಣ್ಣು ತೆಗೆದು ನೆನಪಿಸಿಕೊಳ್ಳಲು ಬಳಸಿದವರೇ ಹೆಚ್ಚು ಉಳಿಸಿಕೊಳ್ಳುತ್ತಾರೆ ಎಂದು ತೋರಿಸಿದ್ದರು. 1939ರಲ್ಲಿ ಹರ್ಬರ್ಟ್ ಸ್ಪಿಟ್ಜರ್ ಅಯೋವಾ ರಾಜ್ಯದ ಆರನೇ ತರಗತಿಯ ಮೂರೂವರೆ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ ಪಾಠ ಓದಿಸಿ, ಬೇರೆ ಬೇರೆ ದಿನ ಪ್ರಶ್ನೆ ಕೇಳಿದರು. ಓದಿದ ಕೂಡಲೇ ಒಮ್ಮೆ ಪ್ರಶ್ನೆಗಳನ್ನು ಎದುರಿಸಿದ್ದ ಮಕ್ಕಳ ಮರೆವು ಕಡಿಮೆಯಾಗಿತ್ತು. ಇಷ್ಟು ದೊಡ್ಡ ಅಧ್ಯಯನ ದಶಕಗಳ ಕಾಲ ಹೆಚ್ಚಿನವರ ಗಮನಕ್ಕೇ ಬರಲಿಲ್ಲ ಎನ್ನುವುದು ನನಗೆ ಇಂದಿಗೂ ಬೇಸರದ ಸಂಗತಿ.

ಮತ್ತೆ ಗಮನ ಸೆಳೆದದ್ದು 2006ರಲ್ಲಿ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟರು. ಕೆಲವರು ಅದನ್ನು ಎರಡು ಸಲ ಓದಿದರು. ಉಳಿದವರು ಒಮ್ಮೆ ಓದಿ, ಬಳಿಕ ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಕಳೆದಾಗ ಲೆಕ್ಕ ತಿರುಗಿತು: ಎರಡು ಸಲ ಓದಿದವರಿಗೆ ಶೇ. 42ರಷ್ಟು ನೆನಪಿತ್ತು, ಒಮ್ಮೆ ಓದಿ ಬರೆದವರಿಗೆ ಶೇ. 56ರಷ್ಟು.

ಹಳ್ಳಿಯ ಬಾವಿಯನ್ನು ಬಲ್ಲವರಿಗೆ ಇದು ವಿಚಿತ್ರ ಅನ್ನಿಸದು. ದಿನವೂ ನೀರು ಸೇದುವ ಬಾವಿಯ ಸೆಲೆ ತೆರೆದಿರುತ್ತದೆ. ಬಳಕೆ ತಪ್ಪಿದ ಬಾವಿಯಲ್ಲಿ ಹೂಳು ತುಂಬಿ ಸೆಲೆ ಮುಚ್ಚುತ್ತದೆ. ಮೇಲಿನಿಂದ ನಾಲ್ಕು ಕೊಡ ಸುರಿದರೆ ನೀರಿನ ಮಟ್ಟ ಆ ಹೊತ್ತಿಗೆ ಏರಿದಂತೆ ಕಾಣಬಹುದು, ಸೆಲೆಗೆ ಅದರಿಂದ ಏನೂ ಆಗುವುದಿಲ್ಲ. ಪಾಠವನ್ನು ಮತ್ತೆ ಮತ್ತೆ ಓದಿಸುವುದು ಮೇಲಿನಿಂದ ಸುರಿಯುವ ಕೆಲಸ. ಐದು ನಿಮಿಷದ ಪರೀಕ್ಷೆಯಲ್ಲಿ ಕಂಡದ್ದು ಸುರಿದ ನೀರು, ವಾರದ ನಂತರದ ಪರೀಕ್ಷೆಯಲ್ಲಿ ಕಂಡದ್ದು ಸೆಲೆ. ಸೇದುವಾಗ ಹಗ್ಗ ಭಾರ ಎನಿಸಬೇಕು. ಹಗ್ಗ ಹಗುರವಾಗಿದ್ದರೆ ಕೊಡ ಖಾಲಿ ಇದೆ ಎಂದೇ ಅರ್ಥ.

ಪದ ಹುಡುಕುವ ಚೌಕದಲ್ಲಿ ಮಕ್ಕಳ ಕೈಗೆ ಸಿಗುವುದು ಇಂಥ ಹಗುರ ಹಗ್ಗ. 1968ರಲ್ಲಿ ಓಕ್ಲಹೋಮಾದ ನಾರ್ಮನ್ ಎಂಬ ಊರಿನಲ್ಲಿ ಹಂಚುತ್ತಿದ್ದ ಒಂದು ಸಣ್ಣ ಜಾಹೀರಾತು ಪತ್ರಿಕೆಯಲ್ಲಿ ನಾರ್ಮನ್ ಗಿಬಾಟ್ ಇದನ್ನು ಪ್ರಕಟಿಸಿದರು. ಸ್ಥಳೀಯ ಶಾಲೆಗಳ ಶಿಕ್ಷಕರು ಪ್ರತಿಗಳನ್ನು ಕೇಳಿ ತರಗತಿಗೆ ಒಯ್ದರು. ಅಂದಿನಿಂದ ಅದು ಶಾಲೆಯಲ್ಲೇ ಉಳಿದುಬಿಟ್ಟಿದೆ. ಆದರೆ ಚೌಕದಲ್ಲಿ ‘ದೀಪಾವಳಿ’ ಹುಡುಕುವ ಮಗು ಓದುತ್ತಿರಬೇಕೆಂದೇನೂ ಇಲ್ಲ. ಅನುಮಾನವಿದ್ದರೆ ಪರೀಕ್ಷಿಸಿ ನೋಡಿ: ತಮಿಳು ಬಾರದ ಮಗುವಿಗೆ ತಮಿಳಿನ ಪದ ಹುಡುಕುವ ಹಾಳೆ ಕೊಡಿ. ಆಕಾರ ಹೋಲಿಸಿ ಹೋಲಿಸಿ ಎಲ್ಲ ಪದಗಳಿಗೂ ಸುತ್ತು ಹಾಕಿಬಿಡುತ್ತದೆ. ಪಟ್ಟಿಯಲ್ಲಿ ಪದದ ಬದಲು ಸುಳಿವು ಕೊಟ್ಟರೆ ಅದೇ ಚೌಕ ಬೇರೆಯೇ ಆಗುತ್ತದೆ. ‘ನರಕ ಚತುರ್ದಶಿಯ ಹಿಂದಿನ ಸಂಜೆ ಹಂಡೆಗೆ ತುಂಬುವುದು’ ಎಂದು ಬರೆದರೆ ಮಗು ಸುಳಿವನ್ನು ಓದಬೇಕು, ಅರ್ಥ ಮಾಡಿಕೊಳ್ಳಬೇಕು, ‘ನೀರು’ ಎಂದು ತಾನೇ ಹೇಳಿಕೊಳ್ಳಬೇಕು, ಆಮೇಲೆ ಹುಡುಕಬೇಕು.

ನನಗೆ ಅತ್ಯಂತ ಪ್ರಿಯವಾದ ರಜೆಯ ಒಗಟು ಮಾತ್ರ ಇನ್ನೂ ಹಳೆಯದು. 1877ರ ಕ್ರಿಸ್ಮಸ್ ದಿನ, ಮಾಡಲು ಏನೂ ಇಲ್ಲವೆಂದು ಬೇಸರಗೊಂಡಿದ್ದ ಇಬ್ಬರು ಹುಡುಗಿಯರಿಗಾಗಿ ಲೂಯಿಸ್ ಕೆರೊಲ್ ಒಂದು ಆಟ ಹುಟ್ಟುಹಾಕಿದರು. ‘ಆಲಿಸ್’ ಕಥೆಗಳ ಲೇಖಕ, ಆಕ್ಸ್‌ಫರ್ಡ್‌ನ ಗಣಿತದ ಮೇಷ್ಟ್ರು. ಒಂದು ಪದದಿಂದ ಇನ್ನೊಂದು ಪದಕ್ಕೆ ಹೋಗಬೇಕು, ಪ್ರತಿ ಹೆಜ್ಜೆಗೂ ಒಂದೇ ಅಕ್ಷರ ಬದಲಿಸಬೇಕು, ನಡುವೆ ಬರುವುದೆಲ್ಲ ಅರ್ಥವಿರುವ ಪದವೇ ಆಗಿರಬೇಕು. 1879ರಲ್ಲಿ ‘ವ್ಯಾನಿಟಿ ಫೇರ್’ ಪತ್ರಿಕೆಯಲ್ಲಿ ಬಂದ ಈ ಆಟಕ್ಕೆ ಅವರಿಟ್ಟ ಹೆಸರು ‘ಡಬ್ಲೆಟ್ಸ್’.

ಕನ್ನಡದ ಲಿಪಿಗೆ ಇದು ಹೇಳಿ ಮಾಡಿಸಿದ ಆಟ. ಗುಣಿತ, ಒತ್ತು ಎಲ್ಲ ಸೇರಿದ ಒಂದು ಅಕ್ಷರವನ್ನು ಒಂದು ಮನೆ ಎಂದುಕೊಳ್ಳಿ, ನಮ್ಮ ಪದಬಂಧಗಳಲ್ಲಿ ಮಾಡುವ ಹಾಗೆ. ಹೊಲದಿಂದ ಮನೆಗೆ ಹೋಗುವುದು ಹೇಗೆ? ಹೊಲ, ಹೊಳೆ, ಮಳೆ, ಮನೆ. ಮೂರೇ ಹೆಜ್ಜೆ. ಸಂಕ್ರಾಂತಿಗೆ ಎಳ್ಳಿನಿಂದ ಬೆಲ್ಲಕ್ಕೆ? ಎಳ್ಳು, ಎಲ್ಲ, ಬೆಲ್ಲ. ಎರಡೇ ಹೆಜ್ಜೆ! ಇದನ್ನು ಬಿಡಿಸುವ ಮಗು ‘ಳ್ಳು’ವನ್ನು ‘ಲ್ಲ’ ಮಾಡುವಾಗ ಎರಡು ಒತ್ತಕ್ಷರಗಳನ್ನೂ ಮನಸ್ಸಿನಲ್ಲಿ ಎದುರುಬದುರು ಇಟ್ಟುಕೊಳ್ಳಬೇಕು. ಲ ಮತ್ತು ಳ ಉಚ್ಚಾರದ ವ್ಯತ್ಯಾಸವನ್ನು ಕಿವಿಯಲ್ಲೇ ಕೇಳಿಕೊಳ್ಳಬೇಕು. ‘ಎಲ್ಲು’ ಎಂಬ ಪದ ಇದೆಯೇ ಎಂದು ತನ್ನ ಭಂಡಾರದಲ್ಲಿ ತಡಕಿ, ಇಲ್ಲವೆಂದು ಬಿಡಬೇಕು. ಉತ್ತರ ಹಾಳೆಯ ಮೇಲೆ ಎಲ್ಲೂ ಇಲ್ಲ.

ಇಂಥ ಅಭ್ಯಾಸ ನಮ್ಮ ಮಕ್ಕಳಿಗೆ ಬೇಕೇ ಬೇಕು. ಕನ್ನಡ ಓದುವ ಮಕ್ಕಳ ಬಗ್ಗೆ ಬೆಂಗಳೂರಿನಲ್ಲಿ ಸಂಶೋಧನೆ ನಡೆಸಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಕ್ಷರ ಕಲಿಕೆ ನಮ್ಮಲ್ಲಿ ಮೊದಲ ತರಗತಿಯಲ್ಲಿ ಮುಗಿಯುವುದಿಲ್ಲ, ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ. ಇಂಗ್ಲಿಷಿನ 26 ಅಕ್ಷರಗಳೆಲ್ಲಿ, ಕಾಗುಣಿತದ ನಾನೂರಕ್ಕೂ ಹೆಚ್ಚು ರೂಪಗಳು ಮತ್ತು ಅವುಗಳ ಮೇಲೆ ಒತ್ತಕ್ಷರಗಳೆಲ್ಲಿ! ಮೂರನೇ ತರಗತಿಯ ಮಗು ‘ಸಂಕ್ರಾಂತಿ’ ಬರೆಯಲು ತಡವರಿಸಿದರೆ ಅದು ದಡ್ಡತನವಲ್ಲ. ಹೊರಗಿನ ಹಾಳೆಗಳನ್ನು ಅನುವಾದಿಸಿ ಕೊಟ್ಟರೆ ಈ ಕಷ್ಟ ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಲೆಕ್ಕ. ಹಬ್ಬದ ಹಾಳೆಯ ನಿಜವಾದ ಶಕ್ತಿ ಇರುವುದು ಇಲ್ಲೇ ಎಂದು ನನ್ನ ನಂಬಿಕೆ, ಅದಕ್ಕೆ ಆಧಾರವೂ ಇದೆ. 2010ರಲ್ಲಿ ಕೆಲ್ಲಿ ಟೇಲರ್ ಮತ್ತು ಡಗ್ ರೋರರ್ ನಾಲ್ಕನೇ ತರಗತಿಯ ಮಕ್ಕಳಿಗೆ ಪಟ್ಟಕಗಳ ಲೆಕ್ಕ ಕಲಿಸಿದರು: ತಳದ ಬಾಹುಗಳು ಇಷ್ಟಿದ್ದರೆ ಮುಖಗಳೆಷ್ಟು, ಅಂಚುಗಳೆಷ್ಟು, ಮೂಲೆಗಳೆಷ್ಟು, ಕೋನಗಳೆಷ್ಟು. ಅರ್ಧ ಮಕ್ಕಳು ಒಂದು ಬಗೆ ಮುಗಿಸಿ ಇನ್ನೊಂದು ಬಗೆಗೆ ಹೋದರು. ಉಳಿದವರಿಗೆ ನಾಲ್ಕೂ ಬಗೆಗಳು ಕಲಸಿ ಬಂದವು. ಅಭ್ಯಾಸದ ಹೊತ್ತಿನಲ್ಲಿ ಕಲಸಿ ಮಾಡಿದವರೇ ಹೆಚ್ಚು ತಪ್ಪಿದರು. ಮರುದಿನದ ಪರೀಕ್ಷೆಯಲ್ಲಿ ಅವರು ಶೇ. 77 ಪಡೆದರೆ, ಸಾಲಾಗಿ ಮಾಡಿದವರು ಪಡೆದದ್ದು ಶೇ. 38. ಕಾರಣ ಸರಳ. ‘ಭಾಗಾಕಾರ’ ಎಂಬ ಅಧ್ಯಾಯದ ಕೆಳಗಿರುವ ಹತ್ತು ಲೆಕ್ಕಗಳಲ್ಲಿ ಭಾಗಿಸಬೇಕೆಂದು ಮಗು ನಿರ್ಧರಿಸಬೇಕಾಗಿಯೇ ಇಲ್ಲ, ಶೀರ್ಷಿಕೆ ಅದನ್ನು ಹೇಳಿಬಿಟ್ಟಿದೆ. ಏನು ಮಾಡಬೇಕೆಂದು ಗುರುತಿಸುವುದೇ ಲೆಕ್ಕದ ಅರ್ಧ ಭಾಗ.

ಹಬ್ಬ ಇಲ್ಲಿ ಕೈಹಿಡಿಯುತ್ತದೆ. ‘ದಸರಾ’ ಎಂದು ತಲೆಬರಹ ಇಟ್ಟರೆ ಕೂಡಬೇಕೋ ಕಳೆಯಬೇಕೋ ಅದು ಹೇಳುವುದಿಲ್ಲ. 43 ಗೊಂಬೆಗಳನ್ನು 5 ಮೆಟ್ಟಿಲಿಗೆ ಸಮನಾಗಿ ಜೋಡಿಸಿದರೆ ಎಷ್ಟು ಉಳಿಯುತ್ತವೆ? ಬಾಗಿಲ ಮುಂದಿನ ರಂಗೋಲಿಯ ನಡುಸಾಲಿಗೆ 7 ಚುಕ್ಕಿ ಇಟ್ಟು, ಎರಡೂ ಕಡೆ ಎರಡೆರಡು ಕಡಿಮೆ ಮಾಡುತ್ತ 1ಕ್ಕೆ ನಿಲ್ಲಿಸಿದರೆ ಒಟ್ಟು ಚುಕ್ಕಿ ಎಷ್ಟು? 25. ನಾಲ್ಕು ಮನೆಗಳ ಮುಂದೆ ಅದೇ ರಂಗೋಲಿ ಹಾಕಿದರೆ? ನಡುಸಾಲಿಗೆ 9 ಇಟ್ಟರೆ ಎಷ್ಟು ಹೆಚ್ಚಾಗುತ್ತದೆ? ಚುರುಕಾದ ಮಗುವೊಂದು 1, 3, 5, 7 ಕೂಡಿದರೆ ನಾಲ್ಕು ನಾಲ್ಕಲೆ ಹದಿನಾರು, ಆಚೆಕಡೆಯ 1, 3, 5 ಕೂಡಿದರೆ ಮೂರು ಮೂರಲೆ ಒಂಬತ್ತು ಎಂದು ಕಂಡುಕೊಂಡರೆ ಅದಕ್ಕಿಂತ ದೊಡ್ಡ ಹಬ್ಬ ಇನ್ನಾವುದಿದೆ? ಚುಕ್ಕಿಗಳನ್ನು ತೆಗೆದರೆ ಈ ಲೆಕ್ಕವೇ ಇಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರ ಸಂಗ್ರಹ’ದಲ್ಲಿ ದುಂಬಿ, ಹಣ್ಣುಗಳ ಲೆಕ್ಕ ಕೊಟ್ಟಾಗಲೂ ವಸ್ತು ಮತ್ತು ಗಣಿತ ಹೀಗೆಯೇ ಬೆಸೆದುಕೊಂಡಿದ್ದವು.

ಬೆಸುಗೆ ತಪ್ಪಿದರೆ ಚಟುವಟಿಕೆಯೇ ಪಾಠವನ್ನು ನುಂಗುತ್ತದೆ. ಅಮೆರಿಕದ ಮನೋವಿಜ್ಞಾನಿ ಡೇನಿಯಲ್ ವಿಲಿಂಗ್‌ಹ್ಯಾಮ್ ಕೊಡುವ ಉದಾಹರಣೆ ಹೀಗಿದೆ: ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡುತ್ತಿದ್ದವರ ಇತಿಹಾಸ ಕಲಿಸಲು, ಅವರು ತಿನ್ನುತ್ತಿದ್ದ ಬಿಸ್ಕತ್ತನ್ನು ಮಕ್ಕಳಿಂದ ಮಾಡಿಸಲಾಯಿತು. ಮಕ್ಕಳು ಆ ಹೊತ್ತೆಲ್ಲ ಯೋಚಿಸಿದ್ದು ಹಿಟ್ಟಿನ ಅಳತೆಯ ಬಗ್ಗೆ. ಎರಡು ನಿಮಿಷ ಗುಣಾಕಾರ ಮಾಡಿ ಇಪ್ಪತ್ತು ನಿಮಿಷ ನವಿಲಿಗೆ ಬಣ್ಣ ತುಂಬುವ ಹಾಳೆಯೂ ಹಾಗೆಯೇ. ಬಣ್ಣ ತುಂಬುವುದು ಒಳ್ಳೆಯ ಕೆಲಸ, ಅದನ್ನು ಗಣಿತದ ಪುನರಾವರ್ತನೆ ಎಂದು ಕರೆಯಬಾರದು ಅಷ್ಟೆ. ‘ಮಿದುಳು ಚುರುಕುಗೊಳಿಸುವ ಹಬ್ಬದ ಕಿಟ್’ ಎಂದು ಮಾರುವವರ ಮಾತನ್ನು ನಂಬಿ ದುಡ್ಡು ಸುರಿಯಬೇಕಾಗಿಲ್ಲ. ಮೇಲಿನ ಪ್ರಶ್ನೆಗಳಿಗೆ ಬೇಕಾದದ್ದು ಒಂದು ಪೆನ್ಸಿಲ್, ಒಂದು ಹಾಳೆ.

ಯಾವಾಗ ಕೊಡಬೇಕು? 2008ರಲ್ಲಿ ನಿಕೋಲಸ್ ಸೆಪೆಡಾ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಸುಮಾರು ಒಂದು ವರ್ಷದ ನಂತರವೂ ನೆನಪಿರಬೇಕಾದ ಸಂಗತಿಗೆ ಕಲಿಕೆಗೂ ಪುನರಾವರ್ತನೆಗೂ ನಡುವೆ ಮೂರು ವಾರದ ಅಂತರ ಹೆಚ್ಚು ಫಲ ಕೊಟ್ಟಿತು. ಅವರು ದೊಡ್ಡವರು, ಕಲಿತದ್ದು ಬಿಡಿ ಬಿಡಿ ಸಂಗತಿಗಳು. ನಮ್ಮ ಮೂರನೇ ತರಗತಿಗೆ ದಿನ ಎಣಿಸಿ ಅನ್ವಯಿಸಬೇಕಿಲ್ಲ. ಆದರೆ ರಜೆಯ ಹಿಂದಿನ ದಿನ, ಆ ವಾರವಷ್ಟೇ ಮುಗಿಸಿದ ಪಾಠದ ಮೇಲೆ ಹಾಳೆ ಕೊಡುವ ರೂಢಿಯನ್ನು ಬದಲಿಸಲು ಇಷ್ಟು ಸಾಕು. ದಸರೆಯ ಹಾಳೆಯಲ್ಲಿ ಜೂನ್, ಜುಲೈನ ಪಾಠಗಳಿರಲಿ. ಮಕ್ಕಳು ಅದನ್ನು ರಜೆಯ ಕೊನೆಯ ವಾರದಲ್ಲಿ ಬಿಡಿಸಲಿ. ಉತ್ತರಗಳನ್ನು ಪುಟದ ಕೆಳಗೆ ತಲೆಕೆಳಗಾಗಿ ಅಚ್ಚು ಹಾಕದೆ, ಶಾಲೆ ತೆರೆದ ದಿನ ಮಕ್ಕಳ ಜೊತೆ ಕೂತು ತಿದ್ದಿ. ಕಲಸಿದ ಲೆಕ್ಕಗಳ ಹಾಳೆಯಲ್ಲಿ ತಪ್ಪು ಹೆಚ್ಚಿರುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.