12 ಸೆಂಟಿಮೀಟರ್ ಎತ್ತರದ ಕಡಲು

ಎತ್ತರ 12 ಸೆಂಟಿಮೀಟರ್, ಅಗಲ 35. ಅಷ್ಟೇ ಅಳತೆಯ ಮರದ ಹಲಗೆಯ ಮೇಲೆ ಇಟಲಿಯ ಚಿತ್ರಕಾರ ಜೊವಾನ್ನಿ ಫತ್ತೋರಿ 1866ರಲ್ಲಿ ತನ್ನೂರು ಲಿವೋರ್ನೊದ ಕಡಲನ್ನು ಬರೆದ. ಮೇಲೆ ಬಿಸಿಲು ತಡೆಯುವ ಬಟ್ಟೆಯ ಚಪ್ಪರ, ನಡುವೆ ನೀಲಿ ನೀರು, ಕೆಳಗೆ ನೆರಳು ಬಿದ್ದ ನೆಲ. ಆ ನೆರಳಲ್ಲಿ ಕೆಲವು ಹೆಂಗಸರು. ಯಾರಿಗೂ ಕಣ್ಣು ಮೂಗಿನ ವಿವರವಿಲ್ಲ. ‘ಪಾಲ್ಮಿಯೇರಿ ಸ್ನಾನಗೃಹದ ರೊತೊಂದಾ’, ಅಂದರೆ ದುಂಡು ಕಟ್ಟೆ, ಎಂಬ ಈ ಚಿತ್ರ ಈಗ ಫ್ಲಾರೆನ್ಸಿನ ಪಿತ್ತಿ ಅರಮನೆಯಲ್ಲಿದೆ.

ಹೀಗೆ ಬರೆಯುವುದನ್ನು ಫತ್ತೋರಿಗೆ ಫ್ಲಾರೆನ್ಸಿನ ಕಲಾ ಅಕಾಡೆಮಿ ಕಲಿಸಿರಲಿಲ್ಲ. 1825ರಲ್ಲಿ ಹುಟ್ಟಿ, 1846ರಲ್ಲಿ ಆ ಊರಿಗೆ ಬಂದು ಅವನು ಕಲಿತದ್ದು ರಾಜರಾಣಿಯರ ಕಥೆಗಳನ್ನು ಚಿತ್ರಿಸುವ ವಿದ್ಯೆ. ಮೂವತ್ತು ದಾಟಿದ ಮೇಲೂ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಬರೆಯುತ್ತಿದ್ದ! ಅಕಾಡೆಮಿಯ ಹಿಡಿತ ಬಿಡಿಸಿಕೊಳ್ಳಲು ಬೇಕಾದ ಮಾತು ನಡೆಯುತ್ತಿದ್ದದ್ದು ಅಲ್ಲಿನ ಚಿತ್ರಕಾರರು ಸೇರುತ್ತಿದ್ದ ಕಫೆ ಮಿಕೆಲಾಂಜಿಯೊಲೊದಲ್ಲಿ. ಗೆರೆ ಎಳೆದು ಬಣ್ಣ ತುಂಬುವುದಲ್ಲ, ಬೆಳಕು ನೆರಳಿನ ತೇಪೆಗಳಿಂದಲೇ ರೂಪ ಕಟ್ಟಬೇಕು ಎನ್ನುತ್ತಿದ್ದರು ಅಲ್ಲಿನ ಹುಡುಗರು. ದೃಶ್ಯವನ್ನು ಕಪ್ಪು ಕನ್ನಡಿಯಲ್ಲಿ ನೋಡಿ, ಬಣ್ಣದ ಗದ್ದಲ ಅಡಗಿದಾಗ ಉಳಿಯುವ ಕಪ್ಪು ಬಿಳುಪನ್ನು ಅಳೆಯುತ್ತಿದ್ದರು. ಸಿಗಾರ್ ಪೆಟ್ಟಿಗೆಯ ಮುಚ್ಚಳವೂ ಅವರಿಗೆ ಹಲಗೆಯೇ. 1862ರಲ್ಲಿ ಪತ್ರಿಕೆಯೊಂದು ‘ಮಕ್ಕಿಯಾಯೋಲಿ’, ಅಂದರೆ ಕಲೆ ಬಳಿಯುವವರು, ಎಂದು ಗೇಲಿ ಮಾಡಿತು. ಆ ಹೆಸರೇ ನಿಂತಿತು.

ಆದರೆ ಫತ್ತೋರಿಯನ್ನು ನಿಜಕ್ಕೂ ತಿರುಗಿಸಿದ್ದು ಹರಟೆಯಲ್ಲ, ಸೈನಿಕರು. 1859ರಲ್ಲಿ ಆಸ್ಟ್ರಿಯದ ವಿರುದ್ಧದ ಯುದ್ಧಕ್ಕೆ ನೆರವಾಗಲು ಬಂದ ಫ್ರೆಂಚ್ ಪಡೆ ಫ್ಲಾರೆನ್ಸಿನ ಕಶೀನೆ ಉದ್ಯಾನದಲ್ಲಿ ಬೀಡುಬಿಟ್ಟಿತ್ತು. ಅವರನ್ನು ಅವನು ಅಡ್ಡುದ್ದದ ಪುಟ್ಟ ಹಲಗೆಗಳಲ್ಲಿ ಹಿಡಿದ. ಬಿಸಿಲ ಗೋಡೆಯ ಮುಂದೆ ಸಾಲಾಗಿ ನಿಂತ ಗಾಢ ಆಕೃತಿಗಳು; ವೀರಾವೇಶವಿಲ್ಲ. ರೋಮಿನಿಂದ ಬಂದಿದ್ದ ನಿಸರ್ಗಚಿತ್ರಕಾರ ನೀನೊ ಕೋಸ್ತ ಈ ದಾರಿಯಲ್ಲೇ ಹೋಗು ಎಂದು ಹುರಿದುಂಬಿಸಿದ. ಸರ್ಕಾರದ ಸ್ಪರ್ಧೆಯಲ್ಲಿ ಗೆದ್ದು ಅದೇ ಯುದ್ಧದ ಮಜೆಂತಾ ಕದನದ ಚಿತ್ರವನ್ನು ಸುಮಾರು ಮೂರೂವರೆ ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಬರೆದದ್ದೂ ಆಮೇಲೆಯೇ. ಅದೂ ಪಿತ್ತಿಯಲ್ಲಿದೆ. ಹತ್ತು ಪಟ್ಟು ಅಗಲವಿದ್ದರೂ ನನಗೆ ಅದು ಕಡಲಿನ ಹಲಗೆಗಿಂತ ಇಕ್ಕಟ್ಟಾಗಿಯೇ ಕಾಣುತ್ತದೆ.

ಲಿವೋರ್ನೊಗೆ ಅವನು ಮರಳಿದ್ದು ಚಿತ್ರಕ್ಕಾಗಿ ಅಲ್ಲ. ಹೆಂಡತಿ ಸೆತ್ತಿಮಿಯಾಗೆ ಕ್ಷಯ. ಆ ಊರಿನ ದಂಡೆಯ ಸ್ನಾನಗೃಹಗಳಿಗೆ ಅನುಕೂಲಸ್ಥರು ಬೇಸಿಗೆ ಕಳೆಯಲು ಬರುತ್ತಿದ್ದ ಕಾಲ ಅದು. ಕಶೀನೆಯಲ್ಲಿ ಕಲಿತ ಆ ಸಾಲು, ಆ ಮುಖವಿಲ್ಲದ ಆಕೃತಿ ಇಲ್ಲಿ ಚಪ್ಪರದಡಿಗೆ ಬಂದವು; ಸಮವಸ್ತ್ರದ ಜಾಗದಲ್ಲಿ ಲಂಗ, ಶಾಲು. ಸೆತ್ತಿಮಿಯಾ 1867ರಲ್ಲಿ ತೀರಿಕೊಂಡಳು. ಆ ಬೇಸಿಗೆ ಗೆಳೆಯ ದಿಯೇಗೊ ಮಾರ್ತೆಲ್ಲಿ ಅವನನ್ನು ಕಾಸ್ತಿಲ್ಯೊನ್ಚೆಲ್ಲೊದ ತನ್ನ ಎಸ್ಟೇಟಿಗೆ ಕರೆದ. ಅಲ್ಲಿಂದ ಮುಂದೆ ಎತ್ತು, ಗಾಡಿ, ದುಡಿಯುವ ಜನ.

ಮುಂದೆ ಫತ್ತೋರಿ ಅಕಾಡೆಮಿಯಲ್ಲೇ ಮೇಷ್ಟ್ರಾದ. ಅವನ ಶಿಷ್ಯ ಮಿಕೇಲಿಯ ಬಳಿ ಲಿವೋರ್ನೊದ ಹುಡುಗನೊಬ್ಬ ಕುಂಚ ಹಿಡಿಯಲು ಕಲಿತ. ಹೆಸರು ಮೊದಿಗ್ಲಿಯಾನಿ. ಅವನು ಮುಂದೆ ಬರೆದ ಮುಖಗಳ ಪಾಪೆಯಿಲ್ಲದ ಕಣ್ಣುಗಳ ಮೂಲ ಈ ಚಪ್ಪರದ ನೆರಳಲ್ಲೇ ಇದೆ ಎನ್ನಲು ಯಾರಿಗಾದರೂ ಆಸೆಯಾದೀತು; ನಾನಂತೂ ಅಷ್ಟು ದೂರ ಹೋಗಲಾರೆ.