ಸ್ವತಂತ್ರ ಪಕ್ಷದ ನಂತರದ ಸ್ವಾತಂತ್ರ್ಯವಾದ

ವ್ಯಕ್ತಿಯ ಬದುಕು, ಆಸ್ತಿ, ದುಡಿಮೆಗಳಲ್ಲಿ ಸರ್ಕಾರ ಅತ್ಯಗತ್ಯವಾದಷ್ಟೇ ಕೈಹಾಕಬೇಕು, ಉಳಿದುದನ್ನು ಜನರ ವಿವೇಚನೆಗೆ ಬಿಡಬೇಕು ಎನ್ನುವ ಸ್ವಾತಂತ್ರ್ಯವಾದವು ಭಾರತದ ಚುನಾವಣಾ ಕಣದಲ್ಲಿ ಗಟ್ಟಿಯಾಗಿ ನಿಂತದ್ದು ಒಮ್ಮೆ ಮಾತ್ರ. 1959ರ ಜನವರಿಯಲ್ಲಿ ನಾಗಪುರದ ಕಾಂಗ್ರೆಸ್ ಅಧಿವೇಶನವು ರೈತರ ಹಿಡುವಳಿಗಳನ್ನು ಒಟ್ಟುಗೂಡಿಸಿ ಸಾಗುವಳಿ ಮಾಡುವ ಸಹಕಾರಿ ಬೇಸಾಯದ ನಿರ್ಣಯವನ್ನು ಅಂಗೀಕರಿಸಿದ್ದರಿಂದ ಕೆರಳಿದ, ಆಗಲೇ ಎಂಬತ್ತು ತುಂಬಿದ್ದ ಸಿ. ರಾಜಗೋಪಾಲಾಚಾರಿಯವರು ಮೀನೂ ಮಸಾನಿ, ಎನ್.ಜಿ. ರಂಗಾ ಮೊದಲಾದವರೊಡಗೂಡಿ ಅದೇ ವರ್ಷ ಸ್ವತಂತ್ರ ಪಕ್ಷವನ್ನು ಕಟ್ಟಿದರು.

ಪಕ್ಷದ ಟೀಕೆಯ ಮುಖ್ಯ ಗುರಿ ಲೈಸೆನ್ಸ್-ಪರ್ಮಿಟ್ ವ್ಯವಸ್ಥೆಯಾಗಿತ್ತು. 1951ರ ಕೈಗಾರಿಕಾ ಕಾಯ್ದೆಯ ಪ್ರಕಾರ ಪಟ್ಟಿಯಲ್ಲಿದ್ದ ಉದ್ದಿಮೆಯನ್ನು ಹೊಸದಾಗಿ ತೆರೆಯಲು ಮಾತ್ರವಲ್ಲದೆ, ಇದ್ದ ಕಾರ್ಖಾನೆಯನ್ನು ಗಣನೀಯವಾಗಿ ವಿಸ್ತರಿಸಲೂ ಅಲ್ಲಿ ಹೊಸ ಸರಕು ತಯಾರಿಸಲೂ ಕೇಂದ್ರದ ಪರವಾನಗಿ ಬೇಕಿತ್ತು; ಯಂತ್ರ ತರಿಸಿಕೊಳ್ಳಲು ಆಮದು ಪರ್ಮಿಟ್ ಬೇರೆ. ಯಾರು ಏನನ್ನು ಎಷ್ಟು ತಯಾರಿಸಬೇಕೆಂಬುದು ಹೀಗೆ ಪೇಟೆಯಲ್ಲಲ್ಲ, ಕಚೇರಿಯ ಕಡತದಲ್ಲಿ ತೀರ್ಮಾನವಾಗುತ್ತಿತ್ತು. ಇದರ ವಿರುದ್ಧ ದನಿಯೆತ್ತಿದ ಪಕ್ಷವು ತನ್ನ ಮೂಲತತ್ತ್ವಗಳಿಗೆ ಹೊರತಾದ ವಿಷಯಗಳಲ್ಲಿ ಸದಸ್ಯರು ತಮಗೆ ಸರಿಕಂಡ ನಿಲುವು ತಳೆಯಬಹುದೆಂದೂ ಒಪ್ಪಿತ್ತು. ಆದರೂ ಇದು ಅಪ್ಪಟ ಸ್ವಾತಂತ್ರ್ಯವಾದವೇನಲ್ಲ. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಆಡಳಿತದ ಚುಕ್ಕಾಣಿ ಹಿಡಿದು, ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದವರೂ ಇದೇ ರಾಜಗೋಪಾಲಾಚಾರಿ.

1967ರ ಲೋಕಸಭೆಯಲ್ಲಿ 44 ಸ್ಥಾನ ಪಡೆದು ಅತಿದೊಡ್ಡ ವಿರೋಧ ಪಕ್ಷವಾದ ಸ್ವತಂತ್ರಕ್ಕೆ ಮೈಸೂರು ರಾಜ್ಯವೊಂದೇ ಐವರು ಸಂಸದರನ್ನು ಕೊಟ್ಟಿತ್ತು. ನಾಲ್ಕೇ ವರ್ಷಗಳಲ್ಲಿ ಆ 44 ಸ್ಥಾನಗಳು 8ಕ್ಕೆ ಕುಸಿದು, 1974ರಲ್ಲಿ ಪಕ್ಷವು ಭಾರತೀಯ ಲೋಕದಳದಲ್ಲಿ ಲೀನವಾಯಿತು. ಇಂದಿರಾ ಗಾಂಧಿಯವರ ‘ಗರೀಬಿ ಹಟಾವೋ’ ಅಲೆಯೇ ಇದಕ್ಕೆ ಕಾರಣವೆನ್ನುವುದು ಅರ್ಧಸತ್ಯ. ರಾಜಸ್ಥಾನ, ಒಡಿಶಾಗಳಲ್ಲಿ ಪಕ್ಷದ ಮತಗಳು ಬಹುಮಟ್ಟಿಗೆ ಮಾಜಿ ರಾಜಮನೆತನಗಳ ವರ್ಚಸ್ಸಿನಿಂದ ಬಂದಿದ್ದವೇ ಹೊರತು ತತ್ತ್ವದಿಂದಲ್ಲ; ಗೇಣು ಜಮೀನಿಲ್ಲದ ಕೂಲಿಯವನಿಗೆ ಆಸ್ತಿಯ ಹಕ್ಕಿನಿಂದ ಏನು ಸಿಕ್ಕೀತು ಎಂಬ ಪ್ರಶ್ನೆಗೆ ಅದರ ಬಳಿ ಮನವೊಪ್ಪುವ ಉತ್ತರವೂ ಇರಲಿಲ್ಲ.

1991ರಲ್ಲಿ ನರಸಿಂಹ ರಾವ್ ಸರ್ಕಾರವು ಬಹುಪಾಲು ಉದ್ದಿಮೆಗಳಿಗೆ ಪರವಾನಗಿಯನ್ನು ರದ್ದುಗೊಳಿಸಿದಾಗ ಸ್ವತಂತ್ರದ ಕಾರ್ಯಕ್ರಮ ಗೆದ್ದಂತೆ ಕಂಡಿತಾದರೂ, ಆ ನಿರ್ಧಾರದ ಹಿಂದೆ ಇದ್ದದ್ದು ವಿದೇಶಿ ವಿನಿಮಯದ ಬಿಕ್ಕಟ್ಟೇ ವಿನಾ ವ್ಯಕ್ತಿಸ್ವಾತಂತ್ರ್ಯದ ಮೇಲಿನ ನಂಬಿಕೆಯಲ್ಲ. 1978ರ 44ನೇ ತಿದ್ದುಪಡಿಯು ಮೂಲಭೂತ ಹಕ್ಕುಗಳ ಸಾಲಿನಿಂದ ತೆಗೆದ ಆಸ್ತಿಯ ಹಕ್ಕು ಉದಾರೀಕರಣದ ಬಳಿಕವೂ ಆ ಸಾಲಿಗೆ ಮರಳಲಿಲ್ಲ. ಇಂದು ಪಕ್ಷಗಳು ಪೈಪೋಟಿಗಿಳಿದಿರುವುದು ಸರ್ಕಾರವನ್ನು ಕಿರಿದುಗೊಳಿಸುವುದಕ್ಕಲ್ಲ, ಅದರಿಂದ ಇನ್ನೇನು ಕೊಡಿಸಬಹುದು ಎಂಬುದಕ್ಕೆ. ಇದನ್ನು ಮತದಾರನ ಅವಿವೇಕವೆಂದು ಹಳಿಯುವುದು ಸಲ್ಲದು; ಪಡಿತರ, ಶಾಲೆ, ಆಸ್ಪತ್ರೆಗಳಿಗೆ ಸರ್ಕಾರವನ್ನೇ ನೆಚ್ಚಿಕೊಂಡವರಿಗೆ ಸರ್ಕಾರ ದೂರ ಸರಿಯಲಿ ಎಂಬ ಮಾತು ಬೆದರಿಕೆಯಂತೆ ಕೇಳಿಸುತ್ತದೆ.

ಕಾನೂನಿನ ತೊಡಕೊಂದು ಬೇರೆ ಇದೆ. ಪ್ರಜಾಪ್ರಾತಿನಿಧ್ಯ ಕಾಯ್ದೆಗೆ 1988ರ ತಿದ್ದುಪಡಿ ಕಾಯ್ದೆಯು ಸೇರಿಸಿದ 29ಎ ಕಲಮಿನ ಪ್ರಕಾರ, ನೋಂದಣಿ ಬಯಸುವ ಪ್ರತಿ ಪಕ್ಷವೂ ಸಮಾಜವಾದದ ತತ್ತ್ವಕ್ಕೆ ನಿಷ್ಠೆಯಿಂದಿರುವುದಾಗಿ ತನ್ನ ನಿಯಮಾವಳಿಯಲ್ಲೇ ಬರೆದುಕೊಳ್ಳಬೇಕು. ಸ್ವತಂತ್ರ ಪಕ್ಷ ಇಂದು ಮತ್ತೆ ಹುಟ್ಟಿದರೂ ಚುನಾವಣಾ ಆಯೋಗದ ನೋಂದಣಿ ಪಡೆಯಲು ಆ ಸಾಲನ್ನು ಬರೆಯದೆ ಗತ್ಯಂತರವಿಲ್ಲ.