ಲೀಡು ಬಿಟ್ಟು ಲಾಳಿ ಹಿಡಿದ ಲೆಕ್ಕ

ನನ್ನ ಹಳೆ ಕೆಲಸ ಏನು ಅಂತ ಬೆಟಗೇರಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 'ಬೆಂಗಳೂರಾಗ ಕಂಪ್ಯೂಟರ್ ಕೆಲಸ' ಅಂತ ಅವ್ವ ಹೇಳ್ತಿದ್ದಳು, ಅಷ್ಟೇ. ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಕೋಡ್ ಬರೆದೆ. ಆಮೇಲೆ ಮಾತು ಚೆನ್ನಾಗಿ ಆಡ್ತಾನೆ ಅಂತ ಕಂಪನಿಯವರು ಡಿಜಿಟಲ್ ಸೇಲ್ಸ್ ಕಡೆ ಹಾಕಿದರು. ಅಮೆರಿಕದ ಸಣ್ಣ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರೋದು. ಜಾಹೀರಾತು ಯಾರು ಒತ್ತಿದರು, ಅರ್ಧಕ್ಕೆ ಯಾರು ಬಿಟ್ಟು ಹೋದರು, ಯಾರಿಗೆ ಮತ್ತೆ ಮೇಲ್ ಕಳಿಸಬೇಕು, ಇದೇ ದಿನಾ. ತಿಂಗಳ ಕೊನೆಗೆ ಟಾರ್ಗೆಟ್. ಕೈಗೆ 1,10,000 ರೂಪಾಯಿ ಬರ್ತಿತ್ತು. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

2022ರಲ್ಲಿ ಅಪ್ಪ ಫೋನ್ ಮಾಡಿ ಹೇಳಿದ ಮಾತು ಇಷ್ಟೇ: 'ಆರು ಮಗ್ಗದಾಗ ಎರಡು ನಿಂತಾವು. ಈಗ ಕಾಕಾನೂ ಬಿಡ್ತೀನಿ ಅನ್ನಾಕತ್ತಾನ. ಅವ ಹೋದ್ರ ಉಳಿದ ಮಗ್ಗ ಇಟ್ಕೊಂಡು ಏನ್ ಮಾಡೂದು? ಕಿತ್ತು ಪವರ್‌ಲೂಮ್ ಹಾಕ್ಸೂಣು.'

ಕಾಕಾ ಅಂದರೆ ರಕ್ತಸಂಬಂಧಿ ಅಲ್ಲ. ನಮ್ಮ ಮನೆಯಲ್ಲಿ 26 ವರ್ಷದಿಂದ ಇಳಕಲ್ ಸೀರೆ ನೇಯುತ್ತಿದ್ದವರು. ಅವರಿಗೆ ಹುಬ್ಬಳ್ಳಿಯ ಅಪಾರ್ಟ್‌ಮೆಂಟ್ ಒಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತ್ತು. ತಿಂಗಳಿಗೆ 13,000. ನಮ್ಮಲ್ಲಿ ಒಂದು ಸೀರೆಗೆ ಮಜೂರಿ 1,400. ಒಂದು ಸೀರೆಗೆ ನಾಲ್ಕು ದಿನ ಹಿಡಿದರೆ ತಿಂಗಳಿಗೆ ಆರು ಸೀರೆ, 8,400 ರೂಪಾಯಿ. ಅದೂ ಅವರೊಬ್ಬರ ದುಡಿಮೆ ಅಲ್ಲ. ಕಾಕು ಬೆಳಗ್ಗೆಯಿಂದ ರಾಟಿ ಮುಂದೆ ಕೂತು ಕಂಡಿಕೆ ಸುತ್ತಿದ್ದು ಆ ದುಡ್ಡಲ್ಲೇ ಸೇರಿರುತ್ತೆ. ಲೆಕ್ಕ ಬಲ್ಲವರು ಯಾರೇ ಆಗಲಿ ಹುಬ್ಬಳ್ಳಿ ಬಸ್ ಹತ್ತುತ್ತಿದ್ದರು.

ಒಬ್ಬ ನೇಕಾರ ಹೋದರೆ ಇನ್ನೊಬ್ಬರು ಬರ್ತಾರಲ್ಲ ಅನ್ನಿಸಬಹುದು. ಅದಕ್ಕೆ ಈ ಸೀರೆಯ ಒಳಗುಟ್ಟು ಸ್ವಲ್ಪ ಹೇಳಬೇಕು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಮಗ್ಗದ ಮೇಲೇ ಈ ಎರಡು ಹಾಸಿನ ಎಳೆಗಳನ್ನ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸ್ತಾರೆ. ಅದಕ್ಕೆ ಕೊಂಡಿ ಅಂತಾರೆ. ಎಳೆಗಳು ಸಾವಿರಗಟ್ಟಲೆ. ಪ್ರತಿ ಸೀರೆಗೂ ಹೊಸದಾಗಿ ಕೂಡಿಸಬೇಕು. ಕೆಂಪು ಸೆರಗಿನ ನಡುವೆ ಬಿಳಿ ಪಟ್ಟಿ, ಅದರ ಅಂಚಿನಲ್ಲಿ ಜೋಳದ ತೆನೆಯ ಹಾಗೆ, ಹಣಿಗೆಯ ಹಲ್ಲಿನ ಹಾಗೆ, ಕೋಟೆಯ ಗೋಡೆಯ ಹಾಗೆ ಕಾಣುವ ವಿನ್ಯಾಸ. ಇದೇ ಟೋಪ್ ತೆನಿ ಸೆರಗು. ನೇಯಲು ಬರುವವರು ಬೆಟಗೇರಿಯಲ್ಲಿ ಇನ್ನೂ ಸಿಗ್ತಾರೆ. ಕೊಂಡಿಯನ್ನ ಬೇಗ, ಎಳೆ ತಪ್ಪದ ಹಾಗೆ ಕೂಡಿಸುವವರು ನಮ್ಮ ಓಣಿಯಲ್ಲಿ ಬೆರಳೆಣಿಕೆಯಷ್ಟು. ಎಲ್ಲರಿಗೂ ಐವತ್ತರ ಮೇಲೆ.

ದೇಶದ ಲೆಕ್ಕವೂ ಹೀಗೇ ಇದೆ. 2009-10ರ ಕೈಮಗ್ಗ ಗಣತಿಯಲ್ಲಿ 43 ಲಕ್ಷದ ಮೇಲಿದ್ದ ನೇಕಾರರು ಮತ್ತು ಪೂರಕ ಕೆಲಸಗಾರರು 2019-20ರ ಗಣತಿಗೆ ಬರುವಷ್ಟರಲ್ಲಿ 35 ಲಕ್ಷಕ್ಕೆ ಇಳಿದಿದ್ದರು. ಸೀರೆಯನ್ನ ಕೈಮಗ್ಗಕ್ಕೆ ಮೀಸಲಿಟ್ಟ ಕಾಯ್ದೆ 1985ರಿಂದ ಇದೆ. ಶುರುವಿನಲ್ಲಿ 22 ಬಗೆಯ ಬಟ್ಟೆಗೆ ಇದ್ದ ಮೀಸಲಾತಿ ಈಗ 11ಕ್ಕೆ ಬಂದಿದೆ, ಅದರಲ್ಲಿ ಸೀರೆ ಇನ್ನೂ ಉಳಿದಿದೆ. ಆದರೆ ಯಾವುದಾದರೂ ಆ್ಯಪ್ ತೆಗೆದು 'ಹ್ಯಾಂಡ್‌ಲೂಮ್ ಇಳಕಲ್' ಅಂತ ಹುಡುಕಿ ನೋಡಿ. 800, 900 ರೂಪಾಯಿಗೆ ಸಾಲುಸಾಲು ಸೀರೆ. ಆ ರೇಟಿಗೆ ನಮ್ಮಲ್ಲಿ ನೂಲು, ಬಣ್ಣವೂ ಬರೋದಿಲ್ಲ.

ಅವಳಿ ನಗರದಲ್ಲಿ ಗದಗ ಅಂದರೆ ಪ್ರಿಂಟಿಂಗ್ ಪ್ರೆಸ್ಸು, ಬೆಟಗೇರಿ ಅಂದರೆ ಮಗ್ಗ ಅಂತ ಹಿಂದಿನಿಂದಲೂ ಮಾತು. ಮನೆತನದ ಉದ್ಯೋಗದ ಪ್ರಶ್ನೆ ಬಂದಾಗ ಇಲ್ಲಿ ಎಲ್ಲರ ಬಾಯಲ್ಲೂ ಬರೋದು ವಿಜಯ ಸಂಕೇಶ್ವರ. ಮನೆಯ ಮುದ್ರಣ, ಪ್ರಕಾಶನದ ವ್ಯವಹಾರ ಇದ್ದರೂ 1976ರಲ್ಲಿ ಒಂದು ಲಾರಿ ಇಟ್ಟುಕೊಂಡು ಬೇರೆ ದಾರಿ ಹಿಡಿದವರು. ನಾನು ಊರಿಗೆ ಬರ್ತೀನಿ ಅಂದಾಗ ದೊಡ್ಡಪ್ಪ ಹೇಳಿದ್ದೂ ಅದನ್ನೇ: 'ಮಂದಿ ಮನಿ ಧಂದೆ ಬಿಟ್ಟು ದೊಡ್ಡವರಾಗ್ತಾರ, ನೀ ಹೊಳ್ಳಿ ಬರ್ತಿ ಅಂತಿಯಲ್ಲೋ!' ನನ್ನ ಹತ್ತಿರ ಒಳ್ಳೆ ಉತ್ತರ ಇರಲಿಲ್ಲ. ಆರು ತಿಂಗಳು ಮನೆಯಿಂದಲೇ ಕೆಲಸ ಮಾಡ್ತೀನಿ, ಜೊತೆಗೆ ಇದನ್ನೂ ನೋಡ್ತೀನಿ ಅಂದೆ. ಆರು ತಿಂಗಳಾದ ಮೇಲೆ ರಾಜೀನಾಮೆ ಕೊಟ್ಟೆ.

ಮೊದಲು ಮಾಡಿದ ಕೆಲಸ ಅಜ್ಜನ ಖತಾವಣಿ ಓದಿದ್ದು. ಅಜ್ಜ ಸೀರೆ ಗಂಟು ಹೊತ್ತು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಿರುಗುತ್ತಿದ್ದರು. ಉದ್ರಿ ಕೊಡೋದು, ಸುಗ್ಗಿ ಆದ ಮೇಲೆ ವಸೂಲಿ. ಯಾರು ಶೇಂಗಾ ಮಾರಿದ ಮೇಲೆ ಕೊಡ್ತಾರೆ, ಯಾರು ಕಡಲೆ ರಾಶಿ ಆಗೋತನಕ ಕಾಯಬೇಕು, ಎಲ್ಲ ಬರೆದಿದ್ದಾರೆ. ಹೆಸರಿನ ಪಕ್ಕ ಒಂದೊಂದು ಟಿಪ್ಪಣಿ: 'ಹಸಿರು ದಡಿ ಒಲ್ಲರು.' 'ಮಗಳ ಲಗ್ನ ಬರೋ ವರ್ಷ.' 'ಅತ್ತಿ ಮುಂದ ರೇಟ್ ಹೇಳಬಾರದು.' ನಾನು ಬೆಂಗಳೂರಲ್ಲಿ ಗಿರಾಕಿಗಳ ಮಾಹಿತಿ ಇಡೋಕೆ ತಿಂಗಳಿಗೆ ಇಷ್ಟು ಡಾಲರ್ ಕೊಟ್ಟು ಬಳಸ್ತಿದ್ದ ಸಾಫ್ಟ್‌ವೇರಿನಲ್ಲಿ ಇದ್ದಿದ್ದೂ ಇದೇ. ಅದರಲ್ಲಿ ಅತ್ತೆಯ ಕಾಲಮ್ ಇರಲಿಲ್ಲ.

ಬೈಕ್ ಹತ್ತಿ ಅದೇ ಊರುಗಳಿಗೆ ಹೋದೆ. ಲಕ್ಷ್ಮೇಶ್ವರದ ಅಂಗಡಿಯವರು ಚಹಾ ಕುಡಿಸಿ, 'ಈಗ ಯಾರು ಉಡ್ತಾರಪಾ ಇದನ್ನ, ಎಲ್ಲಾ ಸಿಂಥೆಟಿಕ್' ಅಂದರು. ಮುಂಡರಗಿಯಲ್ಲಿ ಒಬ್ಬರು, ಮದುವೆ ಸೀಜನ್ನಿಗೆ ಹತ್ತು ಸೀರೆ ಇಡ್ತೀನಿ, ಮಾರಿದರೆ ದುಡ್ಡು ಅಂದರು. ಶಿರಹಟ್ಟಿಯಲ್ಲಿ ಖತಾವಣಿಯ ಒಂದು ಹೆಸರು ಹುಡುಕಿಕೊಂಡು ಹೋದೆ. ಆ ಅಜ್ಜಿ ಒಳಗಿಂದ ಒಂದು ಸೀರೆ ತಂದು ತೋರಿಸಿದರು. ಒಡಲು ಪೂರ್ತಿ ಸವೆದಿತ್ತು. ಸೆರಗನ್ನ ಬಿಡಿಸಿ ಕೂಸಿನ ಕುಲಾಯಿ ಹೊಲಿಯೋಕೆ ಇಟ್ಟಿದ್ದರು. 'ನಿಮ್ಮಜ್ಜ ಕೊಟ್ಟಿದ್ದು. ಬಣ್ಣ ಹೋಗಿಲ್ಲ ನೋಡು' ಅಂದರು. ಹೊಸದು ತಗೋತೀರೇನ್ರೀ ಅಂದರೆ, 'ಈಗ ಎಷ್ಟು?' ರೇಟ್ ಹೇಳಿದೆ. ನಕ್ಕು ಒಳಗೆ ಹೋದರು.

ಅಂದರೆ ಅಜ್ಜನ ಗಿರಾಕಿಗಳ ಮನೆಗಳಲ್ಲಿ ಪ್ರೀತಿ ಉಳಿದಿತ್ತು, ಆ ರೇಟಿಗೆ ಕೊಳ್ಳೋ ಶಕ್ತಿ ಇರಲಿಲ್ಲ. ಕೊಳ್ಳೋರು ಬೇರೆಲ್ಲೋ ಇರಬೇಕು. ಇಲ್ಲಿ ನನ್ನ ಹಳೆ ವಿದ್ಯೆ ಕೆಲಸಕ್ಕೆ ಬಂತು. ಜನ ಗೂಗಲ್‌ನಲ್ಲಿ ಏನಂತ ಹುಡುಕ್ತಾರೆ ಅಂತ ನೋಡ್ತಾ ಕೂತೆ. ಮಹಾರಾಷ್ಟ್ರದಲ್ಲಿ ನಮ್ಮ ಸೀರೆಗೆ 'ಇರಕಲ್' ಅಂತಾರೆ. ಸೋಲಾಪುರ, ಪುಣೆ ಕಡೆ ಈ ಸೀರೆಗೆ ಹಳೆ ನಂಟು. ಅಜ್ಜಿ ಉಟ್ಟಿದ್ದ ಇರಕಲ್ ಬೇಕು ಅಂತ ಹುಡುಕೋ ಮೊಮ್ಮಕ್ಕಳಿದ್ದಾರೆ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಮಾತ್ರ ಬರೆದರೆ ಅವರಿಗೆ ನಾವು ಕಾಣೋದೇ ಇಲ್ಲ. ಪುಣೆಯಲ್ಲಿದ್ದ ಕಾಲೇಜು ಗೆಳೆಯನ ಹೆಂಡತಿ ಮರಾಠಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರು.

ಫೋಟೋದಿಂದ ಹೆಚ್ಚು ಪ್ರಯೋಜನ ಆಗಲಿಲ್ಲ. 900ರ ಸೀರೆಯ ಫೋಟೋ, ನಮ್ಮ ಸೀರೆಯ ಫೋಟೋ ಪಕ್ಕ ಇಟ್ಟರೆ ಫೋನಿನಲ್ಲಿ ಎರಡೂ ಒಂದೇ. ಹಾಗಾಗಿ ಕಾಕಾ ಕೊಂಡಿ ಕೂಡಿಸೋದನ್ನ ವಿಡಿಯೊ ಮಾಡಿದೆ. ಸಂಗೀತ ಇಲ್ಲ, ಮಾತಿಲ್ಲ. ಬೆರಳು, ಎಳೆ, ಹಿನ್ನೆಲೆಯಲ್ಲಿ ಪಕ್ಕದ ಮಗ್ಗದ ಸದ್ದು. ಕೊನೆಗೆ ಸೀರೆ ಬಿಡಿಸಿ, ಒಡಲೂ ಸೆರಗೂ ಸೇರುವ ಗೆರೆ ತೋರಿಸಿದ್ದು. 'ನನ್ನ ಮಾರಿ ತೆಗೀಬ್ಯಾಡ ತಮ್ಮಾ, ಕೈ ಅಷ್ಟ ತೆಗಿ' ಅಂದಿದ್ದರು ಕಾಕಾ. ಆ ವಿಡಿಯೊ ನೋಡಿ ಮೊದಲ ವಾರ ಒಂಬತ್ತು ಸೀರೆಗೆ ಆರ್ಡರ್ ಬಂತು. ಬಹುತೇಕ ಮಹಾರಾಷ್ಟ್ರದಿಂದ.

ಇನ್ನು ದುಡ್ಡಿನ ಮಾತು. ಇಂಥ ಲೇಖನಗಳಲ್ಲಿ ಇದನ್ನೇ ಹಾರಿಸಿಬಿಡ್ತಾರೆ, ನನಗೆ ಓದುವಾಗ ಸಿಟ್ಟು ಬರುತ್ತೆ. ನೂಲು, ರೇಷ್ಮೆ, ಬಣ್ಣ ಸೇರಿ ಒಂದು ಸೀರೆಗೆ 1,500. ಮಜೂರಿ 1,400. ಹೋಲ್‌ಸೇಲ್‌ನವರು ತಗೊಳ್ತಿದ್ದಿದ್ದು 3,300ಕ್ಕೆ. ಕಾಕಾ ಉಳೀಬೇಕು ಅಂದರೆ ವಾಚ್‌ಮನ್ ಸಂಬಳಕ್ಕಿಂತ ಕಡಿಮೆ ಕೊಡೋಕೆ ಆಗಲ್ಲ. ಅದಕ್ಕೆ ಮಜೂರಿಯನ್ನ 2,200 ಮಾಡಿದೆವು. ಆರು ಸೀರೆಗೆ 13,200. ಒಬ್ಬರಿಗೆ ಮಾಡಿ ಉಳಿದವರಿಗೆ ಬಿಡೋಕಾಗುತ್ತಾ? ಎಲ್ಲರಿಗೂ ಮಾಡಿದೆವು. ಅಪ್ಪ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಕಾರಣ ಇತ್ತು. ಈಗ ಸೀರೆಯ ಖರ್ಚೇ 3,700, ಹೋಲ್‌ಸೇಲಿಗೆ ಕೊಟ್ಟ ಪ್ರತಿ ಸೀರೆಗೆ 400 ಲುಕ್ಸಾನು. ಗೊತ್ತಿದ್ದೇ ಹೊತ್ತುಕೊಂಡದ್ದು.

ನೇರವಾಗಿ ನಾವು ಮಾರೋದು 5,200ಕ್ಕೆ. ಜಿಎಸ್‌ಟಿ, ಕೊರಿಯರ್, ವಾಪಸ್ ಬಂದದ್ದು, ಜಾಹೀರಾತು ಎಲ್ಲ ಕಳೆದು ಸೀರೆಗೆ ಸಾವಿರ ಉಳಿಯುತ್ತೆ. ಹಾಗಾದರೆ ಹೋಲ್‌ಸೇಲ್ ಬಿಟ್ಟುಬಿಡಿ ಅಂತೀರಿ. ನಾನೂ ಅದನ್ನೇ ಅಂದೆ. ಅಪ್ಪ, 'ಆಷಾಢದಾಗ ನಿನ್ನ ಪುಣೆದವರು ತಗೋತಾರೇನು? ಅವರು ತಗೋತಾರ' ಅಂದರು. ಮಾತು ನಿಜ. ಮಾರಾಟ ಇರಲಿ, ಬಿಡಲಿ, ಮಗ್ಗ ನಿಲ್ಲೋ ಹಾಗಿಲ್ಲ. ನಿಂತರೆ ನೇಕಾರರ ಒಲೆ ಉರಿಯಲ್ಲ. ಎರಡನೇ ವರ್ಷದ ಸಾಧಾರಣ ತಿಂಗಳು ಹೀಗಿತ್ತು: ಐದು ಮಗ್ಗ, 30 ಸೀರೆ. 18 ನೇರ ಮಾರಾಟ, 18,000 ಲಾಭ. 12 ಹೋಲ್‌ಸೇಲ್, 4,800 ನಷ್ಟ. ಉಳಿದದ್ದು 13,200. ಅಂದರೆ ಧಣಿ ಅನ್ನಿಸಿಕೊಂಡ ನಮ್ಮ ಇಡೀ ಮನೆಗೆ ಕಾಕಾನಷ್ಟೇ ಆದಾಯ. ಆ 1,10,000 ನೆನಪಿದೆಯಲ್ಲ? ನನ್ನ ಉಳಿತಾಯದಿಂದ ಮನೆ ನಡೀತಿತ್ತು.

ದಾರಿ ಕಂಡದ್ದು ನಮ್ಮದೇ ಜಿಲ್ಲೆಯ ಗಜೇಂದ್ರಗಡದ ಕಡೆ ನೋಡಿದಾಗ. ಅಲ್ಲಿನ 'ಪಟ್ಟೇದ ಅಂಚು' ಸೀರೆ ಹೆಚ್ಚೂಕಡಿಮೆ ಮರೆತುಹೋಗಿತ್ತು. ಚೌಕಳಿ ಒಡಲು, ಎದ್ದು ಕಾಣೋ ದಡಿ, ಎರಡೂ ಮಗ್ಗುಲು ಉಡಬಹುದು. ಸವದತ್ತಿ ಯಲ್ಲಮ್ಮನಿಗೆ ಒಪ್ಪಿಸುತ್ತಿದ್ದ ಸೀರೆ. ಜವಳಿ ವಿನ್ಯಾಸಕಿ ಹೇಮಲತಾ ಜೈನ್ ಅದನ್ನ ಹುಡುಕಿ ಮತ್ತೆ ಮಗ್ಗಕ್ಕೆ ತಂದರು. ಈಗ ಬೆಂಗಳೂರಿನ ಆಫೀಸಿಗೆ ಹೋಗುವವರೂ ಉಡ್ತಾರೆ. ಅದನ್ನ ನಕಲು ಮಾಡೋಕೆ ನಾವು ಹೋಗಲಿಲ್ಲ, ಅದು ಅವರ ಶ್ರಮ. ದಪ್ಪ ನೂಲಿನ ಸಾದಾ ಸೀರೆಗೂ ಗಿರಾಕಿ ಇದ್ದಾರೆ ಅನ್ನೋ ಧೈರ್ಯ ಮಾತ್ರ ತಗೊಂಡೆವು. ಎರಡು ಮಗ್ಗದಲ್ಲಿ ಕೊಂಡಿ ಇಲ್ಲದ ಹತ್ತಿ ಸೀರೆ ಶುರು ಮಾಡಿದೆವು. ನೂಲಿಗೆ 700, ಎರಡು ದಿನಕ್ಕೆ ಮಜೂರಿ 1,000, ಹೋಲ್‌ಸೇಲ್ ದರ 2,000. ಸೀರೆಗೆ 300 ಉಳಿಯುತ್ತೆ, ನೇಕಾರರಿಗೆ ತಿಂಗಳಿಗೆ 12,000 ಆಗುತ್ತೆ. ಕೊಂಡಿ ಸೀರೆಯನ್ನ ಹೋಲ್‌ಸೇಲಿಗೆ ಕೊಡೋದು ನಿಲ್ಲಿಸಿದೆವು. ಆರನೇ ಮಗ್ಗಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.

ಪವರ್‌ಲೂಮ್ ಮಾತು ಮನೆಯಲ್ಲಿ ಸತ್ತಿಲ್ಲ. ಓಣಿಯಲ್ಲಿ ಹಾಕಿಸಿದವರು ನಮಗಿಂತ ಚೆನ್ನಾಗೇ ಇದ್ದಾರೆ, ಅವರನ್ನ ಹಗುರವಾಗಿ ನೋಡೋಕೆ ನನಗೆ ಯಾವ ಹಕ್ಕೂ ಇಲ್ಲ. ವಾರಕ್ಕೆ ಎರಡು ದಿನ ಒಂದು ಕಂಪನಿಗೆ ಮನೆಯಿಂದ ಕೋಡ್ ಬರೆದುಕೊಡ್ತೀನಿ, ಅದರಿಂದ ನೂಲಿನ ಮುಂಗಡಕ್ಕೆ ಅನುಕೂಲ. ನನಗೆ ನೇಯಲು ಬರೋದಿಲ್ಲ. ಕಂಡಿಕೆ ಸುತ್ತೋದು ಕಲಿತಿದ್ದೀನಿ, ಕಾಕು ಅದನ್ನ ಬಿಚ್ಚಿ ಮತ್ತೆ ಸುತ್ತುತ್ತಾರೆ.

ಕಾಕಾ ಹುಬ್ಬಳ್ಳಿಗೆ ಹೋಗಲಿಲ್ಲ. ಆದರೆ ಅವರ ಮಗ ಮಗ್ಗಕ್ಕೆ ಬರಲ್ಲ. ಗದಗಿನಲ್ಲಿ ಮೊಬೈಲ್ ಅಂಗಡಿಯಲ್ಲಿದ್ದಾನೆ. ಈ ಬೇಸಿಗೆಯಿಂದ ಸೊಸೆ ಮಧ್ಯಾಹ್ನದ ಹೊತ್ತು ಬಂದು ಕೊಂಡಿ ಕೂಡಿಸೋದು ಕಲೀತಿದ್ದಾಳೆ. ಕಲಿಯೋ ದಿನಕ್ಕೂ 250 ರೂಪಾಯಿ ಕೊಡಬೇಕು ಅಂತ ಅವಳೇ ಕೇಳಿದಳು, ಕೊಡ್ತಿದ್ದೀವಿ. ಹೋದ ವಾರ ಅರ್ಧ ಸೆರಗು ಕೂಡಿಸಿದಳು. ಕಾಕಾ ಕನ್ನಡಕ ಹಾಕ್ಕೊಂಡು ಎಳೆ ಎಣಿಸಿ, 'ಮೂರು ತಪ್ಪ್ಯಾವು' ಅಂದರು. 'ನೀವು ಮೊದಲನೇ ಸರ್ತಿ ಎಷ್ಟು ತಪ್ಪಿದ್ರಿ ಮಾವಾರ?' ಅಂತ ಅವಳು ಕೇಳಿದ್ದಕ್ಕೆ ಉತ್ತರ ಕೊಡಲಿಲ್ಲ.